ಸೋಮವಾರದ ಮಾತ್ರೆ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಡಾಕ್ಟರ ಕ್ಲಿನಿಕ್ಕಿನ ಪರದೆ ಹಸಿರಾಗಿತ್ತು ಎಂದು ಬರೆಯಹೊರಟೆ. ನೀಲಿ ಇದ್ದರೂ ಇದ್ದೀತು. ಬಿಸಿಲಿನ ವಿಷಯದಲ್ಲಂತೂ ನನ್ನನ್ನು ಪೂರ್ತಿ ನಂಬಬೇಡಿ. ನನಗಿರುವ ಅತಿ ಹಳೆಯ ನೆನಪು ಬಿಸಿಲಿನದು, ಮತ್ತು ಅದು ನನಗೆ ನೆನಪಿರಲು ಸಾಧ್ಯವೇ ಇಲ್ಲ.

ಆ ನೆನಪಿನಲ್ಲಿ ನಾನು ಚಾಮರಾಜಪೇಟೆಯ ಅಜ್ಜಿಮನೆಯ ತಾರಸಿಯಲ್ಲಿ ಚಾಪೆಯ ಮೇಲೆ ಮಲಗಿದ್ದೇನೆ. ಕಣ್ಣು ಮುಚ್ಚಿದೆ. ರೆಪ್ಪೆಯ ಒಳಗೆಲ್ಲ ಕಿತ್ತಳೆ ಬಣ್ಣ. ಎಳ್ಳೆಣ್ಣೆಯ ವಾಸನೆ. ಹಗ್ಗದ ಮೇಲೆ ಒಣಹಾಕಿದ ಸೀರೆ ಗಾಳಿಗೆ ಉಬ್ಬಿದಾಗ ಕಿತ್ತಳೆ ಕಂದಾಗುತ್ತದೆ, ಇಳಿದಾಗ ಮತ್ತೆ ಕಿತ್ತಳೆ. ಯಾರದೋ ಎರಡು ಕೈಗಳು ನನ್ನ ಮೊಣಕಾಲಿನಿಂದ ಪಾದದವರೆಗೆ ನಿಧಾನವಾಗಿ ಇಳಿಯುತ್ತವೆ, ಮತ್ತೆ ಮೇಲೆ ಬರುತ್ತವೆ. ಮುಖ ಕಾಣುವುದಿಲ್ಲ. ಬಳೆಯ ಸದ್ದು ಮಾತ್ರ ಇದೆ.

ಎರಡು ವರ್ಷ ತುಂಬಿದರೂ ನಾನು ನಡೆಯಲಿಲ್ಲವಂತೆ. ಕಾಲು ಸ್ವಲ್ಪ ಬಾಗಿತ್ತಂತೆ. ವಿಟಮಿನ್ ಡಿ ಸಾಲದು ಎಂದು ಡಾಕ್ಟರು ಹನಿ ಔಷಧ ಬರೆದುಕೊಟ್ಟು, ಬೆಳಗಿನ ಬಿಸಿಲಲ್ಲಿ ಮಲಗಿಸಿ ಎಂದಿದ್ದರಂತೆ. ಈ ಅಂತೆಗಳೆಲ್ಲ ಅಮ್ಮನವು. ಕೇಳಿ ಕೇಳಿ ನಾನೇ ಆ ತಾರಸಿಯನ್ನು ಕಟ್ಟಿಕೊಂಡಿರಬೇಕು. ಆದರೆ ಅಮ್ಮನ ಮಾತಿನಲ್ಲಿ ಸೀರೆಯೂ ಇಲ್ಲ, ಬಳೆಯೂ ಇಲ್ಲ. ಅವು ಎಲ್ಲಿಂದ ಬಂದವು?

ಇದೆಲ್ಲ ಹೋದ ವರ್ಷದವರೆಗೆ ನನ್ನ ತಲೆಯಲ್ಲಿ ಎಲ್ಲೋ ಸುಮ್ಮನೆ ಬಿದ್ದಿತ್ತು. ಅದನ್ನು ಎಬ್ಬಿಸಿದ್ದು ಚಿಕ್ಕಮ್ಮನ ಕಾಲುನೋವು.

ಚಿಕ್ಕಮ್ಮ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಕಿಟಕಿಯಿಲ್ಲದ ಎ.ಸಿ. ಕೋಣೆಯಲ್ಲಿ ವಯಸ್ಸನ್ನೆಲ್ಲ ಕಳೆದು, ನಿವೃತ್ತಳಾದ ಮೇಲೆ ಬಸವನಗುಡಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಫ್ಲಾಟ್ ಮಾಡಿಕೊಂಡಳು. ಪಾರ್ಕಿನಲ್ಲಿ ಅವಳ ನಡಿಗೆ ನೋಡಿದ ಯಾರೋ, ಹಿರಿಯರ ಕ್ರೀಡಾಕೂಟಕ್ಕೆ ಸೇರಿ ಎಂದರು. ಅಲ್ಲಿಂದ ಅವಳಿಗೆ ವೇಗದ ನಡಿಗೆಯ ಹುಚ್ಚು ಹತ್ತಿತು. ಅದೊಂದು ವಿಚಿತ್ರ ಸ್ಪರ್ಧೆ. ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಮಡಚಬಾರದು. "ಓಡ್ಬಾರ್ದು, ಓಡೋ ಹಾಗೆ ಕಾಣ್ಲೂಬಾರ್ದು, ಆದ್ರೆ ಎಲ್ರಿಗಿಂತ ಮುಂಚೆ ಹೋಗ್ಬೇಕು. ಆಫೀಸಲ್ಲಿ ಜೀವ್ನ ಪೂರ್ತಿ ಅದನ್ನೇ ಮಾಡಿದ್ದು ನಾನು" ಎನ್ನುತ್ತಿದ್ದಳು. ಸೊಂಟ ಆಚೀಚೆ ತಿರುಗಿಸುತ್ತ ಅವಳು ಹೋಗುವಾಗ ಕಲ್ಲುಬೆಂಚಿನ ಗಂಡಸರು ಸುಮ್ಮನಿರುತ್ತಿರಲಿಲ್ಲ.

"ಏನ್ ಮೇಡಂ, ಬಸ್ ಮಿಸ್ ಆಯ್ತಾ?"

"ಹೌದು ಸಾರ್. ನಿಮಗೆ ಸೀಟ್ ಸಿಕ್ಕಿದೆಯಲ್ಲ, ಕೂತಿರಿ."

ಅರವತ್ತೈದು ದಾಟಿದವರ ವಿಭಾಗದಲ್ಲಿ ನಡೆಯಬೇಕು ಎಂಬುದು ಅವಳ ಆಸೆ. ಜೀವನದಲ್ಲಿ ತನಗಾಗಿ ಅವಳು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯಲ್ಲಿ ನೋವು ಶುರುವಾಯಿತು. ಬೆರಳಿಟ್ಟು ಒತ್ತಿದರೆ ಅಳು ಬರುವಂಥ ನೋವು.

ನಾನು ಅವಳನ್ನು ಕರೆದುಕೊಂಡು ಹೋದ ಗಾಂಧಿ ಬಜಾರಿನ ಪಕ್ಕದ ರಸ್ತೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತಪರೀಕ್ಷೆಯ ವರದಿ ನೋಡಿ ಹುಬ್ಬೇರಿಸಿದರು.

"ವಿಟಮಿನ್ ಡಿ ತುಂಬಾ ಕಮ್ಮಿ ಇದೆ. ಬಿಸಿಲಿಗೆ ಹೋಗಲ್ವಾ ಆಂಟಿ?"

"ದಿನಾ ಪಾರ್ಕಲ್ಲೇ ಇರ್ತೀನಲ್ಲಮ್ಮ, ಬೆಳಿಗ್ಗೆ ಐದೂವರೆಗೆ."

"ಐದೂವರೆಗೆ ಸೂರ್ಯನೇ ಬಂದಿರಲ್ಲ."

"ಅವ್ನು ಬರೋ ಹೊತ್ತಿಗೆ ನಾನು ಮನೆ ಸೇರ್ಬಿಟ್ಟಿರ್ತೀನಿ. ಸೆಖೆ ಆಗುತ್ತೆ."

ಕೆಲವು ವಾರ ವೇಗದ ನಡಿಗೆ ಬೇಡ, ವಾರಕ್ಕೊಂದು ಮಾತ್ರೆ, ದಿನಾ ಸ್ವಲ್ಪ ಬಿಸಿಲು ಎಂದು ಡಾಕ್ಟರು ಬರೆದುಕೊಟ್ಟರು. ಚಿಕ್ಕಮ್ಮ ಎದ್ದು ನಿಂತವಳು ಮತ್ತೆ ಕೂತಳು.

"ಇದನ್ನ ತಗೊಂಡ್ರೆ ಸ್ಪೀಡ್ ಜಾಸ್ತಿ ಆಗುತ್ತಾ?"

"ಇಲ್ಲ ಆಂಟಿ. ಕಮ್ಮಿ ಇರೋದು ತುಂಬುತ್ತೆ, ಅಷ್ಟೇ. ಮೂಳೆಗೆ ಬೇಕು. ವಾರಕ್ಕೆ ಒಂದೇ, ನೆನಪಿರ್ಲಿ. ಜಾಸ್ತಿ ತಗೊಂಡ್ರೆ ಅದೂ ತೊಂದ್ರೇನೇ."

ವಾರಕ್ಕೊಂದು ಎಂದ ಕೂಡಲೇ ಚಿಕ್ಕಮ್ಮ ಸೋಮವಾರ ಎಂದು ನಿರ್ಧರಿಸಿದಳು. ಸೋಮವಾರ ಅವಳ ಒಪ್ಪತ್ತಿನ ದಿನ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ, ರಾತ್ರಿ ಎಣ್ಣೆ ತುಪ್ಪ ಸೋಕದ ಒಂದು ಸಪ್ಪೆ ಊಟ. ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ತೀರ್ಥ ತೆಗೆದುಕೊಳ್ಳುವಾಗಲೇ ಮಾತ್ರೆಯನ್ನೂ ನುಂಗುತ್ತಿದ್ದಳು. ನಾನೂ ಮೆಚ್ಚಿಕೊಂಡಿದ್ದೆ, ಎಷ್ಟು ಅಚ್ಚುಕಟ್ಟು ಎಂದು. ಎರಡು ತಿಂಗಳ ನಂತರ ಪರೀಕ್ಷೆ ಮಾಡಿಸಿದರೆ ಅಂಕಿ ಇದ್ದಲ್ಲಿಂದ ಅಲುಗಾಡಿರಲಿಲ್ಲ ಎಂದೇ ಹೇಳಬೇಕು. ನೋವು ಸ್ವಲ್ಪ ಇಳಿದಿತ್ತು, ಹೋಗಿರಲಿಲ್ಲ.

"ಊಟದ ನಂತರ ಅಂತ ಬರ್ದಿದ್ನಲ್ಲ?" ಎಂದರು ಡಾಕ್ಟರು.

"ಭಾನುವಾರ ರಾತ್ರಿ ಊಟ ಆದ್ಮೇಲೇ ತಾನೆ ಸೋಮವಾರ ಬೆಳಿಗ್ಗೆ ಬರೋದು?"

ಡಾಕ್ಟರು ನಕ್ಕುಬಿಟ್ಟರು. ಈ ವಿಟಮಿನ್ನು ಜಿಡ್ಡಿನ ಜೊತೆ ಹೋದರೇನೇ ಮೈಗೆ ಚೆನ್ನಾಗಿ ಹತ್ತುವುದು, ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ತಗೊಳ್ಳಿ ಎಂದರು. ನೋವು ಪೂರ್ತಿ ಹೋಗದಿದ್ದರೆ ಕ್ರೀಡಾಕೂಟವನ್ನು ಈ ಸಲ ಮರೆತುಬಿಡಿ ಎಂದೂ ಹೇಳಿದರು. ಚಿಕ್ಕಮ್ಮನ ಮುಖ ಸಣ್ಣದಾಯಿತು. ಮಾತು ಬದಲಿಸಲೆಂದೋ ಏನೋ, ಡಾಕ್ಟರು ಕೇಳಿದರು:

"ಎಷ್ಟು ವರ್ಷದಿಂದ ಈ ಸೋಮವಾರ?"

ಚಿಕ್ಕಮ್ಮ ಗದ್ದದಿಂದ ನನ್ನತ್ತ ತೋರಿಸಿದಳು. "ಇವ್ಳು ನಡೆಯೋಕೆ ಮುಂಚೆಯಿಂದ."

ಇವಳು ಹುಟ್ಟುವ ಮುಂಚೆ ಎನ್ನಬಹುದಿತ್ತು. ನಾನು ಸ್ಕೂಲಿಗೆ ಸೇರುವ ಮುಂಚೆ ಎನ್ನಬಹುದಿತ್ತು. ನಡೆಯುವ ಮುಂಚೆ ಎಂದಳು. ಅಥವಾ ಹಾಗೆಂದಳು ಎಂದು ನನಗೆ ಕೇಳಿಸಿತು. ಮನೆಗೆ ಹೋಗುವ ದಾರಿಯಲ್ಲಿ, ಮರಗಳ ನೆರಳು ಆಟೋದೊಳಗೆ ಬಂದು ಬಂದು ಹೋಗುತ್ತಿದ್ದಾಗ, ಕಣ್ಣು ಮುಚ್ಚಿದೆ. ಕಿತ್ತಳೆ, ಕಂದು, ಕಿತ್ತಳೆ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಅವ್ಳ ಸೋಮವಾರಾನಾ? ಒಳ್ಳೆ ಗಂಡ ಸಿಗ್ಲಿ ಅಂತ ಹಿಡಿದಿದ್ದು ಕಣೇ. ಗಂಡ ಸಿಗ್ಲೂ ಇಲ್ಲ, ಅವ್ಳು ಬಿಡ್ಲೂ ಇಲ್ಲ" ಎಂದು ಅಮ್ಮ ನಕ್ಕಳು. ನಂತರ, ಎಕ್ಸ್‌ಚೇಂಜಿನ ಕೆಲಸ ಕಾಯಂ ಆಗಲಿ ಅಂತ ಇರಬೇಕು ಎಂದಳು. ನಮ್ಮ ಮನೆಯಲ್ಲಿ ನೆನಪು ಹೀಗೆಯೇ, ಕೇಳಿದಷ್ಟು ಸಲ ಬೇರೆ ಬೇರೆ.

ದಿನ ಬದಲಿಸಿದರೆ ಮುಗಿಯಿತಲ್ಲ ಎಂದುಕೊಂಡೆವು. ಗುರುವಾರ ಮಧ್ಯಾಹ್ನದ ಊಟಕ್ಕೆ ಎಂದಾಯಿತು. ಒಂದು ಗುರುವಾರ ಅವಳು ಮರೆತಳು. ಮುಂದಿನ ವಾರ ಬುಧವಾರವನ್ನೇ ಗುರುವಾರ ಅಂದುಕೊಂಡು ನುಂಗಿ, ಮಾರನೆಯ ದಿನ ಮೊಬೈಲಿನ ಅಲಾರಂ ಹೊಡೆದಾಗ ಮತ್ತೊಂದು ನುಂಗಿದಳು. ಹೆದರಿ ಡಾಕ್ಟರಿಗೆ ಫೋನ್ ಮಾಡಿದರೆ, ಒಂದು ಸಲಕ್ಕೆ ಏನಾಗಲ್ಲ, ಮುಂದಿನ ವಾರದ್ದು ಬಿಡಿ, ಇದು ಅಭ್ಯಾಸ ಆಗಬಾರದು ಎಂದರು. ನಾನು ನೆನಪಿಸುತ್ತೇನೆ ಎಂದು ವಹಿಸಿಕೊಂಡೆ. ಆಮೇಲೆ ಒಂದು ದಿನ ನೆನಪಿಸಿದೆನೋ ಇಲ್ಲವೋ ಎಂಬುದೇ ನನಗೆ ನೆನಪಾಗಲಿಲ್ಲ.

"ರಿಟೈರ್ ಆದ್ಮೇಲೆ ಎಲ್ಲಾ ದಿನಾನೂ ಒಂದೇ ಥರ ಕಣೇ. ಮುಟ್ಟಿದ್ರೆ ಗೊತ್ತಾಗೋದು ಸೋಮವಾರ ಒಂದೇ" ಎಂದಳು ಚಿಕ್ಕಮ್ಮ.

ಅದರ ಮುಂದಿನ ಸೋಮವಾರ ಬೆಳಿಗ್ಗೆ ನಾನು ಹೋದಾಗ ಅವಳ ಮನೆಯಲ್ಲಿ ದೋಸೆಯ ವಾಸನೆ ಬರುತ್ತಿತ್ತು. ಬಾಗಿಲಲ್ಲೇ ನಿಂತೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ತಟ್ಟೆಯಲ್ಲಿ ತುಪ್ಪ ಸುರಿದ ದೋಸೆ, ತಟ್ಟೆಯ ಅಂಚಿನಲ್ಲಿ ಮಾತ್ರೆ. ಅವಳು ಮೊದಲ ತುತ್ತನ್ನು ತುಂಬಾ ಹೊತ್ತು ಅಗಿದಳು. ನಾನು ಒಳಗೆ ಬಂದು ಎದುರಿಗೆ ಕೂತೆ. ಎರಡನೇ ದೋಸೆಗೆ ಕೇಳಿದೆ:

"ಸೋಮವಾರಾನೂ ತಿಂದ್ಬಿಟ್ರೆ ಸೋಮವಾರ ಅಂತ ಹೇಗೆ ಗೊತ್ತಾಗುತ್ತೆ ಚಿಕ್ಕಮ್ಮ?"

"ತಿನ್ನೋವಾಗ ತಪ್ಪು ಮಾಡ್ತಿದೀನಿ ಅನ್ಸುತ್ತಲ್ಲ, ಅದೇ ಸೋಮವಾರ."

ಆಮೇಲೆ ಯಾವ ವಾರವೂ ತಪ್ಪಲಿಲ್ಲ.

ಬಿಸಿಲಿಗೂ ಒಂದು ಜಾಗ ಸಿಕ್ಕಿತು. ಅವಳ ಅಪಾರ್ಟ್‌ಮೆಂಟಿನ ಸುತ್ತ ಹಳೆಯ ಮರಗಳು, ಮರಗಳ ಆಚೆ ಹೊಸ ಕಟ್ಟಡಗಳು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಮಾತ್ರ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆ ಚಳಿಗಾಲದಲ್ಲಿ, ನಾನು ಪಾಠ ಮಾಡುವ ಕಾಲೇಜಿಗೆ ರಜೆ ಇದ್ದ ದಿನಗಳಲ್ಲಿ, ಹೋಗಿ ಅವಳ ಜೊತೆ ಕೂರುತ್ತಿದ್ದೆ. ಬಿಸಿಲಿನ ಪಟ್ಟಿ ಸರಿದ ಹಾಗೆ ನಮ್ಮ ಪ್ಲಾಸ್ಟಿಕ್ ಕುರ್ಚಿಗಳೂ ಸರಿಯುತ್ತಿದ್ದವು. ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಎಳ್ಳೆಣ್ಣೆ ಹಚ್ಚಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಉಜ್ಜಿಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚುತ್ತಿದ್ದೆ. ಪಕ್ಕದ ಕಟ್ಟಡದಲ್ಲಿ ಯಾರೋ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು, ಪಾರಿವಾಳಗಳು ಗೊಣಗುತ್ತಿದ್ದವು, ರಸ್ತೆಯ ಸದ್ದು ನೀರಿನಡಿಯಿಂದ ಬಂದ ಹಾಗೆ ಬರುತ್ತಿತ್ತು. ಇವೆಲ್ಲದರ ನಡುವೆ ಬಳೆಯ ಸದ್ದು, ಕೆಳಗೆ, ಮೇಲೆ, ಕೆಳಗೆ. ಎಷ್ಟೋ ಸಲ ನನ್ನ ಕಾಲೇ ಬೆಚ್ಚಗಾದಂತೆ ಅನಿಸುತ್ತಿತ್ತು.

ಇಲ್ಲೇ ನನಗೆ ನನ್ನ ಮೇಲೆ ಅನುಮಾನ. ಹಳೆಯ ನೆನಪಿನ ಬಳೆ ಚಿಕ್ಕಮ್ಮನದು ಎಂದು ಆ ತಾರಸಿಯಲ್ಲಿ ನನಗೆ ಹೊಳೆಯಿತೇ? ಅಥವಾ ಆ ತಾರಸಿಯಲ್ಲಿ ಕೇಳಿದ ಬಳೆಯನ್ನು ನಾನೇ ಹಳೆಯ ನೆನಪಿನೊಳಗೆ ಇಟ್ಟೆನೇ? ಮೊದಲು ಅಲ್ಲಿ ಬಳೆ ಇತ್ತು ಎಂದು ಮೇಲೆ ಬರೆದಿದ್ದೇನೆ. ಈಗ ಆಣೆ ಮಾಡಿ ಹೇಳಲಾರೆ.

ಚಳಿ ಕಳೆಯುವ ಹೊತ್ತಿಗೆ ಅಂಕಿ ಮೇಲೆ ಬಂದಿತ್ತು. ಬೆರಳಿಟ್ಟು ಒತ್ತಿದರೂ ನೋವಿರಲಿಲ್ಲ. ಮಾತ್ರೆಯೇ, ವಿಶ್ರಾಂತಿಯೇ, ಬಿಸಿಲೇ, ಯಾವುದರಿಂದ ಎಂದು ಕೇಳಿದ್ದಕ್ಕೆ ಡಾಕ್ಟರು ಎಲ್ಲಾ ಸೇರಿ ಎಂದರು. ಮೆಲ್ಲಗೆ ಶುರುಮಾಡಿ ಎಂದು ಒಪ್ಪಿಗೆ ಕೊಟ್ಟರು.

ಕ್ರೀಡಾಕೂಟ ಒಂದು ಭಾನುವಾರ. ಟ್ರ್ಯಾಕ್ ಪ್ಯಾಂಟಿನಲ್ಲಿ ಚಿಕ್ಕಮ್ಮ ಯಾರೋ ಹುಡುಗಿಯಂತೆ ಕಂಡಳು, ಜಡೆ ಮಾತ್ರ ಬಿಳಿ. ಆಗಲೇ ಏರಿದ್ದ ಬಿಸಿಲಲ್ಲಿ ಬಣ್ಣದ ಟೋಪಿಗಳು ಮೈದಾನದ ಸುತ್ತ ತೇಲುತ್ತಿದ್ದವು. ಅವಳು ಗೆಲ್ಲಲಿಲ್ಲ. ಮೂವರೋ ನಾಲ್ವರೋ ಅವಳಿಗಿಂತ ಮುಂದಿದ್ದರು. ಆದರೆ ಕೊನೆಯ ಸುತ್ತಿನಲ್ಲಿ ನಾನು ನಿಂತಿದ್ದ ಕಡೆ ಬಂದಾಗ ಅವಳ ಮುಖದಲ್ಲಿ ಎಲ್ಲೂ ನೋವಿರಲಿಲ್ಲ, ಮಂಡಿ ಮಡಚಿರಲಿಲ್ಲ, ಪಾದ ನೆಲ ಬಿಟ್ಟಿರಲಿಲ್ಲ. ಮುಗಿಸಿ ಬಂದು, "ನೋಡಿದ್ಯಾ, ಒಂದ್ಸಲಾನೂ ಓಡ್ಲಿಲ್ಲ" ಎಂದಳು.

ಮಾರನೆಯ ದಿನ ಸೋಮವಾರ. ನನಗೂ ಒಂದು ದೋಸೆ ಹಾಕಿದಳು. ಅವಳು ಮಾತ್ರೆ ನುಂಗಿ ನೀರು ಕುಡಿಯುವವರೆಗೆ ಕಾದು ಕೇಳಿದೆ. ಅವಳು ಎದ್ದು ಕಾವಲಿಗೆ ಇನ್ನೊಂದು ಸೌಟು ಹಿಟ್ಟು ಹುಯ್ದಳು. "ಆರೋಗುತ್ತೆ, ತಿನ್ನು" ಎಂದಳು. ಹಿಟ್ಟು ಹರಡುವ ಕೈಯಲ್ಲಿ ಬಳೆ ಸದ್ದಾಯಿತು. ಆಮೇಲೆ ಎಷ್ಟೋ ಸೋಮವಾರಗಳು ಹೋಗಿವೆ, ಅವಳು ದೋಸೆ ತಿನ್ನುತ್ತಾಳೆ, ನಾನು ತಾರಸಿಯಲ್ಲಿ ಪಕ್ಕ ಕೂರುತ್ತೇನೆ, ಕೇಳಿದ್ದು ಹಾಗೆಯೇ ಉಳಿದಿದೆ:

"ಚಿಕ್ಕಮ್ಮ, ಸೋಮವಾರ ಹಿಡಿದಿದ್ದು ನನ್ನ ಕಾಲಿಗಾ?"