ಕಣ್ಣು ಹೋದ ಪದಕ

ಎಡಗಣ್ಣಿನ ಸುತ್ತ ಬಳೆಯಂಥ ಗುರುತು. ಗಡಿಯಾರ ರಿಪೇರಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನಲವತ್ತು ವರ್ಷ ಒತ್ತಿ ಒತ್ತಿ ಮೂಡಿಸಿದ್ದು. ಬಸವಕಲ್ಯಾಣದ ನಮ್ಮ ಓಣಿಯ ಗಡಿಯಾರದ ಚಾಚಾ ಕನ್ನಡಿ ತೆಗೆದಿಟ್ಟ ಮೇಲೂ ಆ ಕಣ್ಣು ನಮ್ಮ ಒಳಗನ್ನೆಲ್ಲ ನೋಡುತ್ತಿದೆ ಅನ್ನಿಸುತ್ತಿತ್ತು.

ತೊಂಬತ್ತರ ದಶಕದಲ್ಲಿ ಅವರಿಗೆ ಒಂದು ವಿಚಿತ್ರ ಹುಚ್ಚು. ಬೆಲೆ ಗಗನಕ್ಕೇರಿ ನೋಟು ರದ್ದಿಗೆ ಸಮವಾದ ಕಾಲಗಳ ನೆನಪಿಗೆಂದು ಯಾವ ಯಾವುದೋ ದೇಶದವರು ಅಚ್ಚು ಹಾಕಿಸಿದ ಪದಕ, ಬಿಲ್ಲೆಗಳನ್ನು ಕೂಡಿಡುವುದು. ಹುಮನಾಬಾದಿಗೆ ಹೋಗಿ ಹೈದರಾಬಾದಿನ ಬಸ್ಸು ಹಿಡಿದು, ಹಳೇ ನಾಣ್ಯದ ವ್ಯಾಪಾರಿಯಿಂದ ತರುತ್ತಿದ್ದರು. "ಮಂದಿ ಬಂಗಾರ ತರ್ತಾರ, ಇವರು ಬರಗಾಲ ತರ್ತಾರ" ಎಂದು ಚಾಚಿ ಗೊಣಗುವರು.

ಅದರಲ್ಲೊಂದು ಜರ್ಮನಿಯ ಕಂಚಿನ ಪದಕ. ಒಂದು ಮಗ್ಗುಲಿಗೆ ಕೋಟಿಗಟ್ಟಲೆ ಏರಿದ ರೊಟ್ಟಿಯ ಬೆಲೆ. ಇನ್ನೊಂದಕ್ಕೆ ಕೂಸನ್ನು ಅವಚಿಕೊಂಡ ತಾಯಿ. ಅವಳ ಕಣ್ಣಿನ ಕುಳಿಗಳಲ್ಲಿ ಕಪ್ಪು ಕೂತಿತ್ತು. ಎಲ್ಲಿ ನಿಂತರೂ ನಮ್ಮನ್ನೇ ನೋಡುವಳು.

"ನಿಮ್ಮ ಅವ್ವಗ ತೋರ್ಸಿ ತಾ ಬೇಟಿ" ಎಂದು ಒಮ್ಮೆ ನನ್ನ ಕೈಗೆ ಕೊಟ್ಟರು. ಮರುದಿನ ಮಹಾನವಮಿ. ಅವ್ವ ಕೊಡ, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಜಾಣೆ ನಾನು, ಪದಕವನ್ನೂ ತಿಕ್ಕಿದೆ. ಫಳಫಳ ಹೊಳೆಯಿತು. ಕುಳಿಗಳ ಕಪ್ಪೆಲ್ಲ ಹೋಗಿ ಪದಕದ ತಾಯಿ ಕುರುಡಿಯಾದಳು.

ಚಾಚಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೊಲಸಲ್ಲ ಬೇಟಿ ಅದು. ಹಸದವರ ಕೈ ಹತ್ತಿ ಹತ್ತಿ ಆದ ಕಪ್ಪು. ದಿನಾ ಬಂದು ಹಿಡಕೊಂಡು ಕೂಡು. ನನ್ನ ಕಣ್ಣು ಪೂರಾ ಹೋಗೂದ್ರಾಗ ಆಕಿ ಒಂದ್ಸಲ ನನ್ನ ಮಾರಿ ನೋಡ್ಲಿ."

ಅವರ ದೃಷ್ಟಿ ಆಗಲೇ ಮಂಜಾಗತೊಡಗಿತ್ತು. ನಾನು ಶಾಲೆ ಬಿಟ್ಟೊಡನೆ ಅಂಗಡಿಗೆ ಹೋಗಿ ಪದಕವನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದೆ. ಹೊಟ್ಟೆ ತುಂಬ ಉಂಡು ಹೋದರೂ ಅದು ಅಂಗೈಗೆ ತಾಕಿದ್ದೇ ತಡ, ಹಸಿವು. ಸುಮ್ಮನೆ ಹೇಳುತ್ತಿಲ್ಲ, ನನಗೆ ಬಹಳ ಹೆದರಿಕೆಯಾಗುತ್ತಿತ್ತು.

ವರ್ಷಗಳು ಕಳೆದವು. ಹೊಳಪು ಮಾಸಿತು, ಕಣ್ಣು ಬರಲಿಲ್ಲ. ಅಷ್ಟರಲ್ಲಿ ಚಾಚಾಗೆ ಏನೂ ಕಾಣದಂತಾಯಿತು.

"ಕಣ್ಣು ಬಂದಾವೇನು ಬೇಟಿ?"

"ಬಂದಾವ್ರಿ ಚಾಚಾ."

"ನನ್ನ ನೋಡಾಕತ್ತಾಳೇನು?"

"ಹೌದ್ರಿ, ನಿಮ್ಮನ್ನೇ ನೋಡಾಕತ್ತಾಳ."

ಅವರು ನಕ್ಕು ಪದಕವನ್ನು ಇಸಿದುಕೊಂಡರು. ಮತ್ತೆ ನನಗೆ ಕೊಡಲಿಲ್ಲ. ಹಾಸಿಗೆ ಹಿಡಿದ ಮೇಲೂ ಮುಷ್ಟಿ ಬಿಚ್ಚಲಿಲ್ಲವಂತೆ.

ಗಂಡಸರು ಚಾಚಾಗೆ ಮಣ್ಣು ಕೊಟ್ಟು ಬಂದ ದಿನ ಚಾಚಿ ಅದನ್ನು ನನ್ನ ಕೈಗಿಟ್ಟರು. "ಬೆರಳು ಬಿಡಸಾಕ ಇಬ್ಬರು ಬೇಕಾದ್ರು" ಎಂದರು. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕುಳಿಗಳಲ್ಲಿ ಕಪ್ಪು ಕೂತಿತ್ತು. ನನ್ನ ಸುಳ್ಳನ್ನು ಚಾಚಾ ನಿಜ ಮಾಡಿಟ್ಟು ಹೋಗಿದ್ದರು.