ಸೇತುರಾಮಯ್ಯನವರ ಮೈಭಾರ
ಜಯನಗರದ ನನ್ನ ಕ್ಯಾಮೆರಾ ಅಂಗಡಿಗೆ ಸೇತುರಾಮಯ್ಯನವರು ಬಂದರೆಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಯಡಿಯೂರು ಕೆರೆಯ ಹಕ್ಕಿ ನೋಡುವ ಒಂಟಿಗಣ್ಣಿನ ದುರ್ಬೀನಿಗೆ ಅವರಿಗೊಂದು ಗಟ್ಟಿ ಟ್ರೈಪಾಡ್ ಬೇಕು. ಬೇರೆ ಗಿರಾಕಿಗಳು ಬೆರಳಲ್ಲಿ ತಟ್ಟಿ ನೋಡುತ್ತಾರೆ. ಇವರು ಹೊಚ್ಚಹೊಸ ಸ್ಟ್ಯಾಂಡಿನ ನೆತ್ತಿಗೆ ಎರಡೂ ಕೈಯೂರಿ, ಕಣ್ಣು ಮುಚ್ಚಿ, ಇಡೀ ಮೈಭಾರ ಬಿಡುತ್ತಾರೆ. "ಅಯ್ಯಯ್ಯೋ ಸಾರ್, ದುರ್ಬೀನು ಎರಡು ಕೆಜಿ, ನೀವು ಎಪ್ಪತ್ತು!" ಎಂದು ಚೀರಿದರೆ, "ಕೆರೆ ಹತ್ರ ಗಾಳಿ ಜಾಸ್ತಿ ಕಣಪ್ಪಾ" ಅನ್ನುತ್ತಾರೆ. ಕಾರ್ಬನ್ನಿನದು ತೋರಿಸಿದರೆ "ಇದು ಹಪ್ಪಳ", ಅಲ್ಯೂಮಿನಿಯಂನದು ತೋರಿಸಿದರೆ "ಇದು ಶ್ಯಾವಿಗೆ". ಎಪ್ಪತ್ತು ಕೆಜಿ ಹಾರಿಸುವ ಗಾಳಿ ಯಡಿಯೂರಿನಲ್ಲಿ ಬೀಸಿದ್ದನ್ನು ನಾನಂತೂ ಕಂಡಿಲ್ಲ. ಮೊನ್ನೆ ಕೊನೆಗೂ ಒಂದನ್ನು ಒಪ್ಪಿದರು. ಮಡಿಸಿ ಕೊಟ್ಟೆ, ಚೀಲ ಬೇಡವೆಂದರು. ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿ, ಅದನ್ನೇ ನೆಲಕ್ಕೂರಿಕೊಂಡು ಮೆಟ್ಟಿಲಿಳಿಯತೊಡಗಿದರು. "ಸಾರ್, ಏನಿದು?" ಅಂದರೆ ತಿರುಗದೆಯೇ ಹೇಳಿದರು: "ಕೋಲು ಹಿಡಿದು ಹೋದ್ರೆ ಎಲ್ರೂ ಹಕ್ಕಿ ಬಿಟ್ಟು ನನ್ನನ್ನೇ ನೋಡ್ತಾರಪ್ಪಾ. ಅದಕ್ಕೇ ಕೆರೆಗೆ ಹೋಗೋದೇ ಬಿಟ್ಟಿದ್ದೆ." ಓಡಿಹೋಗಿ, ಬಗ್ಗಿ, ಆ ಮೂರು ಕಾಲಿಗೂ ದಪ್ಪ ರಬ್ಬರು ತೊಡಿಸಿದೆ. "ಕೆರೆ ಏರಿ ಜಾರುತ್ತೆ ಸಾರ್," ಅಂದೆ, "ದುರ್ಬೀನು ಬಿದ್ದುಗಿದ್ದೀತು."