ಸೀಡರ್ ಹಿಲ್ ಕೇರಿಯ ಅರ್ನೆಸ್ಟೀನ್

ದೋಹಾದ ಕಾಲೇಜೊಂದರ ಲೈಬ್ರರಿಯಲ್ಲಿ ಉಡುಪಿ ಕಡೆಯ ಡೊರೊತಿ ಗುಮಾಸ್ತೆ. ಅಲ್ಲಿನ ಮುಖ್ಯಸ್ಥೆ ಅರ್ನೆಸ್ಟೀನ್, ಅಮೆರಿಕದ ದಕ್ಷಿಣದಿಂದ ಬಂದ ಕಪ್ಪು ಮಹಿಳೆ. ಅರವತ್ತು ದಾಟಿದ್ದರೂ ಬಾಗದ ಬೆನ್ನು, ಕಡಿಮೆ ಮಾತು.

ಅಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ಹಿಂದಿನ ವರ್ಷ, ಬಿನ್ ಮಹಮೂದ್ ಬಡಾವಣೆಯಲ್ಲಿ ಡೊರೊತಿ ಇದ್ದ ಹಳೆಯ ಕಟ್ಟಡವನ್ನು ಕೆಡವಲೆಂದು ಖಾಲಿ ಮಾಡಿಸಿದರು. ನಗರದಾಚೆಯ ಅಲ್ ವುಕೈರ್‌ಗೆ ಸಾಮಾನು ಸಾಗಿಸಿದ ಮರುದಿನ ಅವಳು ಕಪಾಟುಗಳ ಮರೆಯಲ್ಲಿ ನಿಂತು ಅತ್ತಳು. ಅರ್ನೆಸ್ಟೀನ್ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು. ಅಂದೇ ಮೊದಲು ಅವರು ತಮ್ಮ ಕೇರಿ ಸೀಡರ್ ಹಿಲ್‌ನ ಸುದ್ದಿ ಎತ್ತಿದ್ದು.

ಬಿಳಿಯರ ಶಾಲೆ, ಹೋಟೆಲು, ಕುಡಿಯುವ ನೀರಿನ ನಲ್ಲಿ, ಯಾವುದಕ್ಕೂ ಕಪ್ಪು ಜನರನ್ನು ಹತ್ತಿರ ಬಿಡದ ನಗರವದು. ಬಿಡದಿದ್ದರೆ ಹೋಗಲಿ ಎಂದು ಸೀಡರ್ ಹಿಲ್‌ನವರು ತಮ್ಮದೇ ಶಾಲೆ, ಔಷಧದಂಗಡಿ, ಸಿನಿಮಾ ಮಂದಿರ, ಚರ್ಚು ಕಟ್ಟಿಕೊಂಡರು. ಅರ್ನೆಸ್ಟೀನ್ ಇನ್ನೂ ಲಂಗದ ಹುಡುಗಿಯಾಗಿದ್ದಾಗ ಕೇರಿಯ ನಟ್ಟನಡುವೆ ಹೆದ್ದಾರಿ ಬಂತು.

"ನಮ್ಮ ಅಡುಗೆಮನೆ ಇದ್ದಲ್ಲಿ ಈಗ ಟಾರು. ಒಂದು ಫೋಟೋ ಕೂಡ ಉಳಿದಿಲ್ಲ. ಎಲ್ಲ ನಾನೇ ಕಂಡ ಕನಸೋ ಏನೋ ಅನಿಸ್ತದೆ ಡೊರೊತಿ," ಎಂದರು.

ವಿಶ್ವಕಪ್ ಬಂತು. ಅಮೆರಿಕದ ಪಂದ್ಯಕ್ಕೆ ಡೊರೊತಿ, ಅವಳ ಗಂಡ ನೆವಿಲ್, ಅರ್ನೆಸ್ಟೀನ್ ಮೂವರೂ ಮೆಟ್ರೋ ನಿಲ್ದಾಣಕ್ಕೆ ಬಂದರು. ಅಲ್ಲಿ ಒಬ್ಬ ಕಪ್ಪು ಮುದುಕರು ದಾರಿ ಕೇಳಿದರು. ಅರ್ನೆಸ್ಟೀನ್ ಮಾತು ಎಳೆಯುವ ಧಾಟಿ ಕೇಳಿ ಅವರ ಕಿವಿ ನೆಟ್ಟಗಾಯಿತು.

"ಎಲ್ಲಿಯವರಮ್ಮ ನೀವು?"

ಅರ್ನೆಸ್ಟೀನ್ ನಗರದ ಹೆಸರು ಹೇಳಿದರು. "ಕೇರಿ ಕೇಳಬೇಡಿ, ಈಗ ಇಲ್ಲ."

"ಸೀಡರ್ ಹಿಲ್?" ಮುದುಕರು ಒಂದು ಹೆಜ್ಜೆ ಮುಂದೆ ಬಂದರು. "ಅಲ್ಲಿನ ಔಷಧದಂಗಡಿ ನಮ್ಮಪ್ಪನದು!"

ಇಬ್ಬರೂ ಬೆಂಚಿನ ಮೇಲೆ ಕೂತರು. ಅಂಗಡಿಯ ಮಗ್ಗುಲಿಗೆ ಕ್ಷೌರದವನು ಎಂದರು ಮುದುಕರು. ಅವನ ಹಿತ್ತಲಲ್ಲಿ ಪ್ಲಮ್ ಮರ ಎಂದರು ಅರ್ನೆಸ್ಟೀನ್. ಭಾನುವಾರ ಕಿಟಕಿ ತೆರೆದಿಟ್ಟು ಪಿಯಾನೊ ನುಡಿಸುತ್ತಿದ್ದ ಟೀಚರು, ಚರ್ಚಿನ ಒಡಕು ದನಿಯ ಗಂಟೆ... ಒಬ್ಬರು ಮರೆತಲ್ಲಿ ಇನ್ನೊಬ್ಬರು ಹಿಡಿದುಕೊಂಡರು. ಜನಜಂಗುಳಿಯ ಮಧ್ಯೆ ಬೀದಿಯೊಂದು ಮನೆಮನೆಯಾಗಿ ಎದ್ದು ನಿಲ್ಲುವುದನ್ನು ಡೊರೊತಿ ಉಸಿರು ಬಿಗಿಹಿಡಿದು ನೋಡಿದಳು. ಚರ್ಚಿನಲ್ಲೂ ಅವಳಿಗೆ ಹೀಗೆ ಮೈ ಜುಮ್ಮೆಂದದ್ದಿಲ್ಲ.

"ಯಲ್ಲಾ, ಹೊರಡು, ಪಂದ್ಯ ಶುರುವಾಗ್ತದೆ ಮಾರಾಯ್ತಿ!" ಎಂದ ನೆವಿಲ್.

"ಆಗ್ಲಿ. ನೀವು ಸುಮ್ಮನೆ ಕೂತ್ಕೊಳ್ಳಿ," ಎಂದಳು ಡೊರೊತಿ.

ಕೊನೆಗೆ ನೆವಿಲ್ ಕೂಡ ಕೂತು ಕೇಳತೊಡಗಿದ. ಮೊದಲಾರ್ಧ ತಪ್ಪಿತು.

ಮುಂದಿನ ಬೇಸಿಗೆಗೆ ಅರ್ನೆಸ್ಟೀನ್ ಕೆಲಸ ಬಿಟ್ಟು ಊರಿಗೆ ಮರಳಿದರು. ಒಂದು ದಿನ ಫೋನು ಬಂತು. ಚದುರಿಹೋಗಿದ್ದ ಸೀಡರ್ ಹಿಲ್‌ನವರನ್ನೆಲ್ಲ ಅವರೂ ಮೆಟ್ರೋದಲ್ಲಿ ಸಿಕ್ಕ ಮುದುಕರೂ ಹುಡುಕಿ ಒಂದೆಡೆ ಸೇರಿಸಿದ್ದರು. "ಕೇಳು ಡೊರೊತಿ," ಎಂದು ಅರ್ನೆಸ್ಟೀನ್ ಫೋನನ್ನು ಸೇರಿದವರತ್ತ ಹಿಡಿದರು. ಮುದಿ ದನಿಗಳೆಲ್ಲ ಒಟ್ಟಿಗೇ ಮಾತಾಡುತ್ತಿದ್ದವು, ನಗುತ್ತಿದ್ದವು.